ಮಾನ್ವಿಯ ಹೊಟ್ಟೆಶೂಲೆ: ಒಂದು ನೋವು, ಹಲವು ಕಾರಣ

ಗಡಿನಾಡ ಕನ್ನಡದ ಈ ವಿಚಾರಸಂಕಿರಣದಲ್ಲಿ ಹೊಟ್ಟೆನೋವಿನ ಮಾತು ಯಾಕೆ ಬಂತು ಅಂತ ಕೆಲವರಿಗೆ ಅನ್ನಿಸಬಹುದು. ದಾಸಸಾಹಿತ್ಯದ ಒಂದು ದೊಡ್ಡ ತಿರುವು ಹೊಟ್ಟೆನೋವಿನಿಂದಲೇ ಆಯಿತು ಅಂತ ಪರಂಪರೆ ಹೇಳುತ್ತದೆ. ಆ ನೋವಿಗೆ ಕಾರಣ ಏನು ಅನ್ನೋ ಪ್ರಶ್ನೆಯನ್ನು ಚರಿತ್ರೆಯ ವಿದ್ಯಾರ್ಥಿಗಳು ಹೇಗೆ ಕೇಳಬೇಕು ಅನ್ನುವುದೇ ಇವತ್ತಿನ ವಿಷಯ.

ಕಥೆ ಬಹಳ ಜನರಿಗೆ ಗೊತ್ತಿರುವುದೇ. ಮಾನ್ವಿಯ ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ಪಂಡಿತರು. ತಂಬೂರಿ ಹಿಡಿದು, ಗೆಜ್ಜೆ ಕಟ್ಟಿ ಕನ್ನಡದಲ್ಲಿ ಹಾಡುವ ದಾಸರನ್ನು ಕಂಡರೆ ಅವರಿಗೆ ತಾತ್ಸಾರ. ವಿಜಯದಾಸರು (1682–1755) ಊರಿಗೆ ಬಂದು ಪ್ರಸಾದಕ್ಕೆ ಕರೆದಾಗ, ಹೊಟ್ಟೆಶೂಲೆ ಅಂತ ನೆಪ ಹೇಳಿ ತಪ್ಪಿಸಿಕೊಂಡರು. ಆಮೇಲೆ ಆ ನೋವು ನಿಜವಾಗಿಯೇ ಬಂತು, ಬಿಡಲೇ ಇಲ್ಲ. ಕೊನೆಗೆ ವಿಜಯದಾಸರಲ್ಲೇ ಶರಣು ಹೋದರು. ಅವರು ಶಿಷ್ಯರಾದ ಗೋಪಾಲದಾಸರ ಹತ್ತಿರ, ಉತ್ತನೂರಿಗೆ ಕಳಿಸಿದರು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ದಾನ ಮಾಡಿದರಂತೆ. ಆ ಆಯುಷ್ಯವನ್ನು ಜೋಳದ ರೊಟ್ಟಿಯಲ್ಲಿಟ್ಟು ಉಣಿಸಿದರು ಅಂತಲೂ ಹೇಳ್ತಾರೆ. ಹೀಗೆ ಗುಣವಾದ ಪಂಡಿತರೇ ಮುಂದೆ 'ಹರಿಕಥಾಮೃತಸಾರ' ಬರೆದ ಜಗನ್ನಾಥದಾಸರು.

ಈಗ ಕಾರಣಕ್ಕೆ ಬರೋಣ. ಕಥೆಯಲ್ಲಿ ಇರುವುದು 'ಉದರಶೂಲೆ' ಅನ್ನುವ ಒಂದೇ ಪದ. ನೋವು ಎಡಕ್ಕೋ ಬಲಕ್ಕೋ, ಉಂಡ ಮೇಲೋ ಹಸಿದಾಗಲೋ, ಜೊತೆಗೆ ಓಕರಿಕೆ ಇತ್ತೋ ಇಲ್ಲವೋ ಅನ್ನುವ ವಿವರ ಸಿಗುವುದಿಲ್ಲ. ಆದರೆ ಅಂದಿನ ವೈದ್ಯರು ಈ ಪ್ರಶ್ನೆಗಳನ್ನು ಕೇಳುತ್ತಿರಲಿಲ್ಲ ಅಂದುಕೊಳ್ಳಬೇಡಿ. ಸುಮಾರು 7–8ನೆಯ ಶತಮಾನದ 'ಮಾಧವನಿದಾನ' ಶೂಲೆಯನ್ನು ಎಂಟು ಬಗೆಯಾಗಿ ವಿಂಗಡಿಸುತ್ತದೆ. ಅಜೀರ್ಣದ 'ಆಮ'ದಿಂದ ಬರುವ ಶೂಲೆಗೆ ಓಕರಿಕೆ, ವಾಂತಿ, ಹೊಟ್ಟೆ ಭಾರ ಲಕ್ಷಣಗಳು. ಉಂಡ ಅನ್ನ ಜೀರ್ಣವಾಗುವ ಹೊತ್ತಿಗೆ ಏಳುವ ನೋವಿಗೆ 'ಪರಿಣಾಮಶೂಲೆ' ಅಂತ ಬೇರೆ ಹೆಸರೇ ಇದೆ. ಊಟಕ್ಕೂ ನೋವಿಗೂ ಇರುವ ಹೊತ್ತಿನ ಸಂಬಂಧವನ್ನು ಅವರು ಗಮನಿಸಿದ್ದರು.

ಇವತ್ತಿನ ವೈದ್ಯರನ್ನು ಕೇಳಿದರೆ ಹೊಟ್ಟೆನೋವು, ಓಕರಿಕೆ ಎರಡೂ ಸೇರಿದಾಗ ಪಟ್ಟಿ ಉದ್ದ ಆಗುತ್ತೆ: ಕೆಟ್ಟ ಆಹಾರ, ಜಠರದ ಹುಣ್ಣು, ಪಿತ್ತಕೋಶದ ಕಲ್ಲು, ಅಪೆಂಡಿಕ್ಸ್ ಊತ, ಮೇದೋಜೀರಕ ಗ್ರಂಥಿಯ ಉರಿಯೂತ, ಮೂತ್ರಪಿಂಡದ ಕಲ್ಲು, ಕರುಳು ಕಟ್ಟುವುದು, ಜಂತುಹುಳು. ಇದರಲ್ಲಿ ಮಾನ್ವಿಯ ನೋವು ಯಾವುದು? ಒಂದು ಸುಳಿವು ಕಾಲಾನುಕ್ರಮದಲ್ಲಿದೆ. ಗೋಪಾಲದಾಸರು ತೀರಿಕೊಂಡದ್ದು 1762ರಲ್ಲಿ. ಜಗನ್ನಾಥದಾಸರು ಬದುಕಿದ್ದು 1809ರವರೆಗೆ. ನೋವಿನ ನಂತರ ನಲವತ್ತೇಳು ವರ್ಷಕ್ಕೂ ಹೆಚ್ಚು ಕಾಲ ಬದುಕಿದವರಿಗೆ ಹೊಟ್ಟೆಯ ಕ್ಯಾನ್ಸರ್ ಇದ್ದಿರಲಾರದು. ಶಸ್ತ್ರಚಿಕಿತ್ಸೆ ಇಲ್ಲದ ಕಾಲದಲ್ಲಿ ಪೂರ್ತಿ ಕಟ್ಟಿಕೊಂಡ ಕರುಳೂ ಅಲ್ಲ. ಬಂದು ಹೋಗುವ ಹುಣ್ಣೋ ಕಲ್ಲೋ ಇದ್ದಿರಬಹುದು. ಇದಕ್ಕಿಂತ ಮುಂದೆ ಹೋದರೆ ಅದು ಬರೀ ಊಹೆ.

ಅಹಂಕಾರದಿಂದ ನೋವು ಬಂತು ಅನ್ನುವ ಪರಂಪರೆಯ ವಿವರಣೆಯನ್ನು ಕೇಳಿ ನಗುವ ಮುಂಚೆ ಒಂದು ವಿಷಯ ನೆನಪಿಡಿ. 1980ರ ದಶಕದವರೆಗೂ ಅಲ್ಸರ್‌ಗೆ ಚಿಂತೆ, ಕೋಪ, ಖಾರದ ಊಟ ಕಾರಣ ಅಂತ ಆಧುನಿಕ ವೈದ್ಯರೇ ಹೇಳುತ್ತಿದ್ದರು. ಅಂದರೆ ಅವರೂ ರೋಗಿಯ ಸ್ವಭಾವದಲ್ಲೇ ತಪ್ಪು ಹುಡುಕುತ್ತಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಗುರುತಿಸಿದ ಮೇಲೆ ಆ ಮಾತು ನಿಧಾನವಾಗಿ ಬದಲಾಯಿತು. 2005ರಲ್ಲಿ ಅವರಿಗೆ ನೊಬೆಲ್ ಬಂತು. 'ಅಪೆಂಡಿಸೈಟಿಸ್' ಅನ್ನುವ ಹೆಸರು ಬಂದದ್ದೂ 1886ರಲ್ಲಿ, ಅಮೆರಿಕದ ರೆಜಿನಾಲ್ಡ್ ಫಿಟ್ಜ್ ಅವರ ಪ್ರಬಂಧದಿಂದ. ಅದಕ್ಕೂ ಮುಂಚೆ ಜನ ಅದರಿಂದ ಸಾಯುತ್ತಲೇ ಇದ್ದರು, ಕಾರಣಕ್ಕೆ ಬೇರೆ ಹೆಸರುಗಳಿದ್ದವು.

ಹಾಗಾದರೆ ಈ ಕಥೆ ಯಾವುದಕ್ಕೆ ಸಾಕ್ಷಿ? ಮೊದಲನೆಯದು, ನೆಪ. ಜ್ವರ ಅಂದರೆ ಮೈ ಮುಟ್ಟಿ ನೋಡಬಹುದು. ಹೊಟ್ಟೆನೋವನ್ನು ಹೊರಗಿನಿಂದ ಯಾರೂ ಅಳೆಯಲಾರರು. ಒಲ್ಲದ ಪಂಕ್ತಿಯ ಊಟವನ್ನು ಮರ್ಯಾದೆ ಕೆಡದ ಹಾಗೆ ತಪ್ಪಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ನೆಪ ಇಲ್ಲ. ಎರಡನೆಯದು, ಭಾಷೆ. ಸಂಸ್ಕೃತ ಪಂಡಿತರೊಬ್ಬರು ಕನ್ನಡಕ್ಕೆ ಬಂದದ್ದು ಸಮುದಾಯಕ್ಕೆ ವಿವರಣೆ ಬೇಡುವ ಸಂಗತಿಯಾಗಿತ್ತು. ಕನ್ನಡದ ತಾತ್ಸಾರವೇ ರೋಗ, ಕನ್ನಡದ ಹಾಡೇ ಔಷಧ ಅಂತ ಅದು ವಿವರಿಸಿಕೊಂಡಿತು.

ಮೂರನೆಯದು, ದಾರಿ. ಮಾನ್ವಿ, ಉತ್ತನೂರು ಎರಡೂ ಕೃಷ್ಣಾ–ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನವು. ಈಗ ಒಂದು ಕರ್ನಾಟಕದಲ್ಲಿದೆ, ಇನ್ನೊಂದು ತೆಲಂಗಾಣದ ಗದ್ವಾಲ ಸೀಮೆಯಲ್ಲಿ. ವಿಜಯದಾಸರು ದೇಹ ಬಿಟ್ಟ ಚಿಪ್ಪಗಿರಿ ಬಳ್ಳಾರಿ ಜಿಲ್ಲೆಯ ಆಲೂರು ತಾಲೂಕಿನಲ್ಲಿತ್ತು. 1953ರಲ್ಲಿ ಆಂಧ್ರಕ್ಕೆ ಸೇರಿತು. ಗುಣವಾದ ಮೇಲೆ ಜಗನ್ನಾಥದಾಸರಿಗೆ ಅಂಕಿತ ಸಿಕ್ಕಿದ್ದು ಪಂಢರಪುರದ ಚಂದ್ರಭಾಗೆಯಲ್ಲಿ ಅಂತ ಪರಂಪರೆ ಹೇಳುತ್ತದೆ. ಅದು ಸೊಲ್ಲಾಪುರ ಜಿಲ್ಲೆ. ನಾಲ್ಕು ರಾಜ್ಯಗಳಲ್ಲಿ ಹರಡಿರುವ ಈ ಊರುಗಳು ಅಂದು ಜನ ನಡೆದು ಹೋಗುತ್ತಿದ್ದ, ಮಾತು ಅರ್ಥವಾಗುವ ಊರುಗಳಾಗಿದ್ದವು.

ಮಾನ್ವಿಯ ಆಚಾರ್ಯರ ಹೊಟ್ಟೆಯಲ್ಲಿ ಏನಿತ್ತು ಅನ್ನುವುದು ವೈದ್ಯರ ಪ್ರಶ್ನೆ. ಅದಕ್ಕೆ ಬೇಕಾದ ದೇಹ ಈಗ ಇಲ್ಲ. ನೋವಾದಾಗ ಅವರು ಯಾರ ಮನೆಗೆ, ಯಾವ ಊರಿಗೆ ಹೋದರು ಅನ್ನುವುದು ನಮ್ಮ ಪ್ರಶ್ನೆ. ಅದಕ್ಕೆ ಬೇಕಾದ ಊರುಗಳು ಇನ್ನೂ ಇವೆ, ಅಲ್ಲಿ ಆರಾಧನೆಗಳೂ ನಡೆಯುತ್ತಿವೆ. ಕ್ಷೇತ್ರಕಾರ್ಯ ಅಲ್ಲಿಂದಲೇ ಶುರುವಾಗಬೇಕು.