ದಿನಕ್ಕೊಂದು ಆಕಾಶಚಿತ್ರ

‘ಆಸ್ಟ್ರಾನಮಿ ಪಿಕ್ಚರ್ ಆಫ್ ದ ಡೇ’ ಜಾಲತಾಣ 1995ರ ಜೂನ್ 16ರಂದು ಶುರುವಾಯಿತು. ಇದನ್ನು ಕಟ್ಟಿದವರು ಅಮೆರಿಕದ ಖಗೋಳವಿಜ್ಞಾನಿಗಳಾದ ರಾಬರ್ಟ್ ನೆಮಿರಾಫ್ ಮತ್ತು ಜೆರಿ ಬಾನೆಲ್. ಮೊದಲ ಚಿತ್ರ ದೂರದರ್ಶಕದಿಂದ ತೆಗೆದದ್ದಲ್ಲ, ಕಂಪ್ಯೂಟರಿನಲ್ಲಿ ರಚಿಸಿದ್ದು. ಭೂಮಿಯು ನ್ಯೂಟ್ರಾನ್ ನಕ್ಷತ್ರದಷ್ಟು ಸಾಂದ್ರವಾದರೆ ಹೇಗೆ ಕಂಡೀತು ಎಂಬ ಕಲ್ಪನೆ ಅದು. ಗುರುತ್ವಕ್ಕೆ ಬೆಳಕು ಎಷ್ಟು ಬಾಗಿತ್ತೆಂದರೆ, ಹಿನ್ನೆಲೆಯ ಮಹಾವ್ಯಾಧ ನಕ್ಷತ್ರಪುಂಜ ಎರಡು ಕಡೆ ಕಾಣುತ್ತಿತ್ತು. ಮುಂದಿನ ಚಿತ್ರ ಬಂದದ್ದು ಜೂನ್ 20ರಂದು; ನಡುವಿನ ಮೂರು ದಿನ ಸಂಗ್ರಹದಲ್ಲಿ ಇಂದಿಗೂ ಖಾಲಿ.

ಪುಟದ ರಚನೆ ಬಹಳ ಸರಳ: ಮೇಲೆ ಚಿತ್ರ, ಕೆಳಗೆ ತೆಗೆದವರ ಹೆಸರು, ಆಮೇಲೆ ವಿಜ್ಞಾನಿಯೇ ಬರೆದ ಒಂದು ಪ್ಯಾರಾ ವಿವರಣೆ. ತಾಣದ ನಿಜವಾದ ಸತ್ವ ಈ ಪ್ಯಾರಾದಲ್ಲಿದೆ. ಕಠಿಣ ಪದ ಬಂದಲ್ಲೆಲ್ಲ ಕೊಂಡಿ ಇರುವುದರಿಂದ ಶಾಲಾ ಹುಡುಗಿಯೂ ಸಂಶೋಧಕನೂ ಒಂದೇ ಬರಹವನ್ನು ತಮ್ಮ ತಮ್ಮ ಆಳಕ್ಕೆ ಓದಬಹುದು. ವಿನ್ಯಾಸ ದಶಕಗಳಿಂದ ಹೆಚ್ಚು ಬದಲಾಗಿಲ್ಲ, ಬದಲಾಗಬೇಕಾಗಿಯೂ ಇರಲಿಲ್ಲ. ಹವ್ಯಾಸಿಗಳು ಮನೆಯಂಗಳದಿಂದ ತೆಗೆದ ಚಿತ್ರಗಳಿಗೂ ಹಬಲ್ ದೂರದರ್ಶಕದ ಚಿತ್ರಗಳಿಗೂ ಇಲ್ಲಿ ಒಂದೇ ಪಂಕ್ತಿ.

ಮುಂದೆ, ತಾಣಕ್ಕೆ ನೆಲೆ ಕೊಟ್ಟ ನಾಸಾ ಈ ಸಂಗ್ರಹವನ್ನು ಎಪಿಐ (ಒಂದು ತಂತ್ರಾಂಶ ಇನ್ನೊಂದರಿಂದ ಮಾಹಿತಿ ಕೇಳಿ ಪಡೆಯುವ ವ್ಯವಸ್ಥೆ) ಮೂಲಕ ತೆರೆದಿಟ್ಟಿತು. ದಿನಾಂಕ ಕೊಟ್ಟು ಕೇಳಿದರೆ ಶೀರ್ಷಿಕೆ, ವಿವರಣೆ, ಚಿತ್ರದ ವಿಳಾಸ ಸಿಗುತ್ತವೆ. ಜಾಲತಾಣ ಕಟ್ಟಲು ಕಲಿಯುವವರಿಗೆ ಇದು ಒಳ್ಳೆಯ ಮೊದಲ ಪಾಠ. ಕೆಲವು ದಿನ ಚಿತ್ರದ ಬದಲು ವಿಡಿಯೊ ಬರುತ್ತದೆ. ಅದನ್ನು ಗುರುತಿಸಲು ಎಪಿಐ ಉತ್ತರದಲ್ಲಿರುವ ‘ಮೀಡಿಯಾ ಟೈಪ್’ ಎಂಬ ವಿವರ ನೋಡದಿದ್ದರೆ ಚಿತ್ರದ ಜಾಗ ಬರಿದಾಗುತ್ತದೆ. ಅನೇಕ ಚಿತ್ರಗಳ ಹಕ್ಕು ತೆಗೆದವರದ್ದೇ ಆಗಿರುವುದರಿಂದ ಅವರ ಹೆಸರನ್ನು ಪುಟದಲ್ಲಿ ಉಳಿಸಿಕೊಳ್ಳಬೇಕು; ಬೇರೆಡೆ ಬಳಸಲು ಅವರ ಒಪ್ಪಿಗೆ ಬೇಕು.