ರಿಟೈರ್ ಆದ್ಮೇಲೆ ಪರದೇಶ: ಬೆಂಗಳೂರು ದಂಡಿನ ದೊರೆಗಳು, ಸಂಪಿಗೆಯ ಅಪ್ಪ

ಹೋದ ತಿಂಗಳು ಊರಿಗೆ ಹೋಗಿದ್ದೆ. ನಮ್ಮೂರು ತುರುವೇಕೆರೆ ತಾಲ್ಲೂಕಿನ ಸಂಪಿಗೆ. ಅಪ್ಪ ರಿಟೈರ್ಡ್ ಸ್ಕೂಲ್ ಮೇಷ್ಟ್ರು. ಅಮ್ಮ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಅಮೆರಿಕದಲ್ಲಿರೋ ಅಕ್ಕ ವಿಡಿಯೋ ಕಾಲ್‌ನಲ್ಲಿ ಹಟ ಹಿಡಿದಿದ್ದಳು: "ಪೂರ್ತಿ ಇಲ್ಲಿಗೇ ಬಂದ್ಬಿಡಿ ಅಪ್ಪ." ಅಪ್ಪ ಮೇಲೆ ನೋಡಿ, "ಈಗಷ್ಟೇ ಅಟ್ಟಕ್ಕೆ ಕಾಯಿ ಹಾಕ್ಸಿದೀನಿ ಕಣಮ್ಮ" ಅಂದರು.

ವಯಸ್ಸಾದ ಮೇಲೆ ಪರದೇಶದಲ್ಲಿ ನೆಲೆಸೋದು ನಮಗೆ ಹೊಸ ಸುದ್ದಿ ಅನ್ನಿಸುತ್ತೆ. ಆದರೆ ಬೆಂಗಳೂರಿಗೆ 'ಪಿಂಚಣಿದಾರರ ಸ್ವರ್ಗ' ಅಂತ ಹೆಸರಿತ್ತಲ್ಲ, ಆ ಪಿಂಚಣಿದಾರರಲ್ಲಿ ಬ್ರಿಟಿಷರೂ ಇದ್ದರು. ನಮ್ಮ ನೆಲವೇ ಅವರಿಗೆ ಪರದೇಶ.

1809ರ ಹೊತ್ತಿಗೆ ಬೆಂಗಳೂರಲ್ಲಿ ದಂಡು ಪ್ರದೇಶ ತಲೆಯೆತ್ತಿತು. ಮೂರು ಸಾವಿರ ಅಡಿ ಎತ್ತರ, ತಂಪು ಹವೆ, ಚರ್ಚು, ಹೂತೋಟದ ಬಂಗಲೆ, ಅಡುಗೆಗೆ, ತೋಟಕ್ಕೆ ಆಳುಗಳು. 1868ರಲ್ಲಿ ಯುನೈಟೆಡ್ ಸರ್ವೀಸಸ್ ಕ್ಲಬ್ ಶುರುವಾಯಿತು, ಅದೇ ಈಗಿನ ಬೆಂಗಳೂರು ಕ್ಲಬ್. ಇದು ಸುಖದ ಪಟ್ಟಿ.

ಹವೆ ಬಿಟ್ಟು ಇನ್ನೊಂದು ಕಾರಣಾನೂ ಇತ್ತು: ದುಡ್ಡು. ದೊಡ್ಡ ಐಸಿಎಸ್ ಅಧಿಕಾರಿಗಳ ಪಿಂಚಣಿ ಪೌಂಡಿನಲ್ಲಿ ಬರ್ತಿತ್ತು. ಅವರ ಕೆಳಗಿದ್ದ ಅನೇಕ ಯುರೋಪಿಯನ್ ನೌಕರರದ್ದು ರೂಪಾಯಿಯಲ್ಲಿ. 1870ರ ಆಸುಪಾಸಲ್ಲಿ ನೂರು ರೂಪಾಯಿಗೆ ಸುಮಾರು 10 ಪೌಂಡ್ ಸಿಗ್ತಿತ್ತು. ಬೆಳ್ಳಿ ಬೆಲೆ ಕುಸಿದು, 1890ರ ದಶಕದ ಕೊನೆಗೆ ಅದೇ ನೂರು ರೂಪಾಯಿ 7 ಪೌಂಡ್‌ಗೂ ಸಾಲದಾಯ್ತು. ಅಂಥವರು ಲಂಡನ್ನಿಗೆ ಹೋದರೆ ಕೈ ಬಿಗಿ. ಇಲ್ಲೇ ಉಳಿದರೆ ದೊರೆ.

ಕಷ್ಟಗಳೂ ಇದ್ದವು. ಓದೋಕೆ ಅಂತ ಇಂಗ್ಲೆಂಡಿಗೆ ಕಳಿಸಿದ ಮಕ್ಕಳು ದೂರ ಉಳೀತಿದ್ದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೂ ಕಾಗದ ತಲುಪೋಕೆ ವಾರಗಟ್ಟಲೆ ಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. 1947ರಲ್ಲಿ ದಂಡು ಪ್ರದೇಶ ಮೈಸೂರು ಸರ್ಕಾರಕ್ಕೆ ವಾಪಸ್ ಸೇರಿತು. ತುಂಬಾ ಜನ ಹಡಗು ಹತ್ತಿದರು. ಉಳಿದ ಮುದುಕರ ಸುತ್ತ ಪರಿಚಯದ ಮುಖಗಳು ಒಂದೊಂದಾಗಿ ಕಡಿಮೆಯಾದವು.

ಈಗ ಅಪ್ಪನ ಲೆಕ್ಕ ನೋಡಿ. ಆ ದೊರೆಗಳು ತಮ್ಮ ರೂಪಾಯಿಗೆ ಬೆಲೆ ಇರೋ ಕಡೆ ಉಳಿದರು. ಅಪ್ಪನ ಪಿಂಚಣಿನೂ ರೂಪಾಯಿಯಲ್ಲೇ, ಆದರೆ ಅವರು ಹೊರಡಬೇಕಿರೋದು ಡಾಲರ್ ಊರಿಗೆ. ಊರಲ್ಲಿ ಮೊಮ್ಮಕ್ಕಳ ಕೈಗೆ ದುಡ್ಡಿಡೋ ತಾತ, ಅಲ್ಲಿ ಕಾಫಿಗೂ ಮಗಳ ಕಾರ್ಡ್ ನೋಡಬೇಕು. ಗ್ರೀನ್ ಕಾರ್ಡ್ ಮೇಲೆ ಹೋದ 65 ದಾಟಿದ ಅಪ್ಪ ಅಮ್ಮಂದಿರು ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್‌ಗೆ ಅರ್ಜಿ ಹಾಕೋಕೂ ಸಾಮಾನ್ಯವಾಗಿ ಐದು ವರ್ಷ ಅಲ್ಲೇ ವಾಸ ಇರಬೇಕು. ಡ್ರೈವಿಂಗ್ ಬರದಿದ್ದರೆ ಮನೇಲೇ ಬಂದಿ. ಸುಖಾನೂ ಸಣ್ಣದಲ್ಲ: ಮೊಮ್ಮಗು ದಿನಾ ಮಡಿಲಲ್ಲಿರುತ್ತೆ, ರಾತ್ರಿ ಎದೆನೋವು ಬಂದರೆ ಮಗಳು ಪಕ್ಕದ ರೂಮಲ್ಲೇ ಇರ್ತಾಳೆ. ಇಲ್ಲಿ ಅಪ್ಪ ಬಿದ್ದರೆ ಯಾರು ನೋಡ್ತಾರೆ ಅನ್ನೋ ಅಕ್ಕನ ಪ್ರಶ್ನೆಗೆ ನನ್ನ ಹತ್ರಾನೂ ಉತ್ತರ ಇರಲಿಲ್ಲ. ನಾನೂ ಬೆಂಗಳೂರಲ್ಲೇ ಇರೋನು.

ನಮ್ಮ ತಿಪಟೂರು ಸೀಮೆಯಲ್ಲಿ ಅಟ್ಟಕ್ಕೆ ಹಾಕಿದ ಕಾಯಿ ಒಣಗಿ ಉಂಡೆ ಕೊಬ್ಬರಿ ಆಗೋಕೆ ಹತ್ತಿರ ಹತ್ತಿರ ಒಂದು ವರ್ಷ ಬೇಕು. ವಿಸಿಟರ್ ವೀಸಾದಲ್ಲಿ ಹೋದರೆ ಸಾಮಾನ್ಯವಾಗಿ ಸಿಗೋದು ಆರು ತಿಂಗಳು. ಅಪ್ಪ ಅದನ್ನೇ ಹಿಡಿದುಕೊಂಡರು. "ಆರು ತಿಂಗಳು ಬರ್ತೀನಮ್ಮ. ಕಾಯಿ ಇಳ್ಸೋ ಹೊತ್ತಿಗೆ ನಾನಿಲ್ಲಿರ್ಬೇಕು." ಅಕ್ಕ ಒಪ್ಪಿದಳು. ಆಮೇಲೆ ನನ್ನ ಕಡೆ ತಿರುಗಿ, "ಉಳಿದ ಆರು ತಿಂಗಳು ನಿಂದು" ಅಂದಳು.

ನಿಮ್ಮ ಮನೇಲಿ ಈ ಮಾತು ಬಂದಿದೆಯಾ? ಅಪ್ಪ ಅಮ್ಮ ಏನಂದರು? ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ.