ಮಸಲ್‌ಬೌಂಡ್ ಎಂದರೇನು? ಭಾರ ಎತ್ತಿದರೆ ಮೈ ಬಾಗದಂತಾಗುತ್ತದೆಯೇ?

‘ಜಿಮ್‌ಗೆ ಹೋದರೆ ಮೈ ಬಿಗಿದುಹೋಗುತ್ತೆ, ಆಮೇಲೆ ಓಡೋಕೂ ಆಗಲ್ಲ, ಬಗ್ಗೋಕೂ ಆಗಲ್ಲ.’ ಶಿಕಾರಿಪುರ, ಸೊರಬದ ಕಡೆ ಪೊಲೀಸ್ ಅಥವಾ ಸೇನಾ ನೇಮಕಾತಿಗೆ ತಯಾರಾಗುವ ಯುವಕರಿಗೆ ಇಂಥ ಮಾತು ಹೊಸದಲ್ಲ. ಇದೇ ಭಯಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿದೆ: ಮಸಲ್‌ಬೌಂಡ್. ಅದರ ಅರ್ಥವೇನು, ಅದರ ಹಿಂದಿನ ನಂಬಿಕೆ ಎಷ್ಟು ನಿಜ? ನೋಡೋಣ.

ಪದದ ಅರ್ಥ ಮತ್ತು ಬಳಕೆ

‘ಮಸಲ್’ ಅಂದರೆ ಸ್ನಾಯು, ‘ಬೌಂಡ್’ ಅಂದರೆ ಕಟ್ಟಿಹಾಕಿದ. ಸ್ನಾಯುಗಳು ಅತಿಯಾಗಿ ಬೆಳೆದು, ಸಲೀಸಾಗಿ ಬಾಗದ ದೇಹವನ್ನು ವರ್ಣಿಸುವ ವಿಶೇಷಣ ಇದು. ಕನ್ನಡದ ‘ಕಟ್ಟುಮಸ್ತು’ ಹೊಗಳಿಕೆಯಾದರೆ, ‘ಮಸಲ್‌ಬೌಂಡ್’ನಲ್ಲಿ ತುಸು ತಾತ್ಸಾರ ಇದೆ. ಗಾತ್ರ ದೊಡ್ಡದಾಗಿದ್ದರೂ ಬದಲಾಗಲು ಒಗ್ಗದ ವ್ಯವಸ್ಥೆಯನ್ನೂ ಇಂಗ್ಲಿಷಿನಲ್ಲಿ ಹೀಗೆ ಕರೆಯುವುದುಂಟು.

ಭಾರ ಎತ್ತಿದರೆ ಚುರುಕುತನ ಹೋಗುತ್ತದೆಯೇ?

ಇಲ್ಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನ ಪೀಟರ್ ಕಾರ್ಪೊವಿಚ್ ಕೂಡ ಮೊದಲು ಈ ನಂಬಿಕೆಯನ್ನು ಒಪ್ಪಿದ್ದವರೇ. 1940ರಲ್ಲಿ ಅವರ ಕಾಲೇಜಿಗೆ ಬಂದ ದೇಹದಾರ್ಢ್ಯ ಪಟು ಜಾನ್ ಗ್ರಿಮೆಕ್‌ಗೆ, ‘ನಿಮ್ಮ ಬೆನ್ನನ್ನು ನೀವೇ ಕೆರೆದುಕೊಳ್ಳಬಲ್ಲಿರಾ?’ ಎಂದು ಕೇಳಿದರು. ಗ್ರಿಮೆಕ್ ಸುಲಭವಾಗಿ ಕೆರೆದು ತೋರಿಸಿದರು, ಕಾಲುಗಳನ್ನು ಪೂರ್ತಿ ಅಗಲಿಸಿ ನೆಲಕ್ಕೂ ಕೂತರು. 1951ರಲ್ಲಿ ಕಾರ್ಪೊವಿಚ್ ಮತ್ತು ಸಂಗಡಿಗರೊಬ್ಬರು ಪ್ರಕಟಿಸಿದ ಅಧ್ಯಯನದಲ್ಲಿ 300 ಮಂದಿ ಭಾರ ಎತ್ತುವವರು, 300 ಮಂದಿ ಎತ್ತದವರು ಇದ್ದರು. ತೋಳು ತಿರುಗಿಸುವ ವೇಗದಲ್ಲಿ ಭಾರ ಎತ್ತುವವರೇ ಮುಂದಿದ್ದರು.

ಬಾಗುವಿಕೆಯ ಕಥೆಯೂ ಹಾಗೆಯೇ. 11 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2021ರ ವಿಶ್ಲೇಷಣೆಯೊಂದರ ಪ್ರಕಾರ, ಕೀಲುಗಳ ಚಲನೆ ಹೆಚ್ಚಿಸುವಲ್ಲಿ ಬಲವರ್ಧಕ ವ್ಯಾಯಾಮಕ್ಕೂ ಸ್ಟ್ರೆಚಿಂಗ್‌ಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಬಿಗಿತ ಬರುವುದೇಕೆ?

ಮಾತಿನಲ್ಲಿ ನಿಜದ ಅಂಶವೂ ಇದೆ. ಯಾವಾಗಲೂ ಅರ್ಧಂಬರ್ಧ ಚಲನೆಯಲ್ಲೇ ಭಾರ ಎತ್ತಿದರೆ ಬಾಗುವಿಕೆಗೆ ಸಿಗಬೇಕಾದ ಲಾಭ ಸಿಗುವುದಿಲ್ಲ. ತೋಳು ತೀರಾ ದಪ್ಪವಾದರೆ ಮೊಣಕೈ ಪೂರ್ತಿ ಮಡಚಲು ಸ್ನಾಯುವೇ ಅಡ್ಡ ಬರಬಹುದು. ಆದರೆ ಅಷ್ಟು ಗಾತ್ರ ಸಾಮಾನ್ಯ ವ್ಯಾಯಾಮದಿಂದ ಬರುವುದಿಲ್ಲ. ಹೊಸದಾಗಿ ಶುರುಮಾಡಿದವರಿಗೆ ಒಂದೆರಡು ದಿನ ಕಾಡುವ ನೋವು, ಬಿಗಿತ ತಾತ್ಕಾಲಿಕ. ಅದನ್ನೇ ಕಂಡು ಹಲವರು ‘ಮೈ ಕಟ್ಟಿಕೊಂಡಿತು’ ಎಂದು ನಿಲ್ಲಿಸಿಬಿಡುತ್ತಾರೆ.

ನಮ್ಮ ಗರಡಿ ಏನು ಹೇಳುತ್ತದೆ?

ಗರಡಿಮನೆಯ ದಂಡ, ಬಸ್ಕಿ ಎರಡರಲ್ಲೂ ಮೈಯನ್ನು ಪೂರ್ತಿ ಬಗ್ಗಿಸಿ, ಪೂರ್ತಿ ಚಾಚಬೇಕು. ಬಲ ಮತ್ತು ಬಾಗು ಅಲ್ಲಿ ಜೊತೆಜೊತೆಗೇ ಬರುತ್ತವೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ, 1930ರಲ್ಲಿ ‘ಮಸಲ್ ಕಲ್ಟ್’ ಪುಸ್ತಕ ಬರೆದ ಕೆ.ವಿ. ಅಯ್ಯರ್ ಭಾರ ಎತ್ತುವುದರ ಜೊತೆ ಸೂರ್ಯನಮಸ್ಕಾರ, ಯೋಗಾಸನಗಳನ್ನೂ ಬೆಸೆದರು. ‘ಶಾಂತಲಾ’ ಕಾದಂಬರಿ ಓದಿದವರಿಗೆ ಈ ಹೆಸರು ಪರಿಚಿತ.

ಶಿಕಾರಿಪುರ, ಸೊರಬದ ಹೋರಿ ಬೆದರಿಸುವ ಹಬ್ಬವನ್ನೇ ನೋಡಿ. ಓಡಿಬರುವ ಹೋರಿಯ ಕೊಬ್ಬರಿ ಹಾರಕ್ಕೆ ಕೈಹಾಕುವವನಿಗೆ ಹಿಡಿತವೂ ಬೇಕು, ಕ್ಷಣದಲ್ಲಿ ಪಕ್ಕಕ್ಕೆ ಸರಿಯುವ ಚುರುಕೂ ಬೇಕು. ಒಂದು ಇನ್ನೊಂದಕ್ಕೆ ಶತ್ರುವಲ್ಲ. ಹಾಗೆಂದು ಆ ಆಟದ ಅಪಾಯವನ್ನು ಯಾವ ಸ್ನಾಯುವೂ ತಪ್ಪಿಸದು.

ನೀವು ಏನು ಮಾಡಬಹುದು?

ಹತೋಟಿಗೆ ಸಿಗುವಷ್ಟೇ ಭಾರ ಇಟ್ಟುಕೊಳ್ಳಿ, ಚಲನೆ ಪೂರ್ಣವಾಗಿರಲಿ. ಎದೆಗೆ ಮಾಡಿದಷ್ಟೇ ಬೆನ್ನಿಗೂ ಮಾಡಿ. ಓಟ, ಜಿಗಿತದ ಪರೀಕ್ಷೆ ಇದ್ದರೆ ಅವನ್ನೂ ಪ್ರತ್ಯೇಕವಾಗಿ ಅಭ್ಯಾಸ ಮಾಡಿ. ಕೀಲು ನೋವು ವಾರ ಕಳೆದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ವಯಸ್ಸಾದಂತೆ ಸ್ನಾಯು ತಾನಾಗಿಯೇ ಕರಗುತ್ತದೆ, ಕೂತು ಏಳುವುದೂ ಕಷ್ಟವಾಗುತ್ತದೆ. ಹಾಗಾಗಿ ‘ಮೈ ಬಿಗಿಯುತ್ತದೆ’ ಎಂದು ಮಕ್ಕಳನ್ನು ತಡೆಯುವ ಹಿರಿಯರಿಗೂ ಬಲದ ವ್ಯಾಯಾಮ ಅಷ್ಟೇ ಅಗತ್ಯ.